ದಿನ 9, ಸಮುದ್ರದಲ್ಲಿ: ಅಂಟಾರ್ಕ್ಟಿಕಾದಿಂದ ಹಡಗು ವಾಪಸಾಗುವಾಗ ಏನೇನು ನಡೆಯುತ್ತದೆ?

ಅಂಟಾರ್ಕ್ಟಿಕಾ ಪ್ರವಾಸದ ಯಾವ ಬ್ರೋಷರ್ ತೆಗೆದು ನೋಡಿದರೂ ದಿನಗಳ ಪಟ್ಟಿ ಹೆಚ್ಚೂಕಡಿಮೆ ಒಂದೇ ಥರ ಇರುತ್ತದೆ. ಪೆಂಗ್ವಿನ್‌ಗಳಿಗೆ ಒಂದು ಪ್ಯಾರಾ, ಹಿಮಬಂಡೆಗಳಿಗೆ ಒಂದು ಪ್ಯಾರಾ, ತಿಮಿಂಗಿಲಗಳಿಗೆ ಇನ್ನೊಂದು. ಕೊನೆಗೆ ಬರುವಾಗ ಮಾತ್ರ ಒಂದು ಬೋಳು ಸಾಲು: 'ದಿನ 9, ಸಮುದ್ರದಲ್ಲಿ'. ಓದಿದವರಿಗೆ ಇದು ಸುಮ್ನೆ ಪ್ರಯಾಣದಲ್ಲಿ ಕಳೆದುಹೋಗುವ ದಿನ ಅನ್ನಿಸುತ್ತದೆ. ಎಷ್ಟೋ ಜನ ಆ ದಿನ ಮಾತ್ರೆ ನುಂಗಿ ಮಲಗಿಯೂ ಬಿಡುತ್ತಾರೆ.

ಮಲಗಿದವರಿಗೆ ನಷ್ಟ ಅಂತ ನನ್ನ ಅಭಿಪ್ರಾಯ. ಪೆಂಗ್ವಿನ್ ನೋಡುವ ದಿನಗಳಲ್ಲಿ ಬೇರೆ ಯಾವುದಕ್ಕೂ ಪುರುಸೊತ್ತು ಇರುವುದಿಲ್ಲ. ಈ ಪ್ರವಾಸ ಹೇಗೆ ನಡೆಯುತ್ತದೆ, ಅಲ್ಲಿನ ಕಡಲು ಯಾಕೆ ಹಾಗಿದೆ, ಅಂಟಾರ್ಕ್ಟಿಕಾ ನಿಜಕ್ಕೂ ಎಲ್ಲಿ ಮುಗಿಯುತ್ತದೆ, ಅಲ್ಲಿಗೆ ಹೋದವರ ಲೆಕ್ಕ ಯಾರು ಇಡುತ್ತಾರೆ, ಇದೆಲ್ಲ ಕಣ್ಣಿಗೆ ಬೀಳುವುದು ವಾಪಸ್ ಬರುವಾಗಲೇ. ಹೆಚ್ಚು ಹಡಗುಗಳು ಓಡುವ ದಾರಿಯನ್ನೇ ಇಲ್ಲಿ ಉದಾಹರಣೆಗೆ ತೆಗೆದುಕೊಳ್ಳೋಣ. ಅರ್ಜೆಂಟೀನಾದ ದಕ್ಷಿಣ ತುದಿಯ ಉಶುವಾಯಾ ಊರಿನಿಂದ ಹೊರಟು, ಡ್ರೇಕ್ ಪ್ಯಾಸೇಜ್ ಎಂಬ ಕಡಲನ್ನು ದಾಟಿ, ಅಂಟಾರ್ಕ್ಟಿಕ್ ಪರ್ಯಾಯ ದ್ವೀಪ ನೋಡಿಕೊಂಡು, ಅದೇ ಕಡಲು ದಾಟಿ ವಾಪಸ್ ಬರುವ ದಾರಿ ಅದು.

ಬೆಳಗ್ಗೆ ಏಳರ ಗಡುವು

ಕೊನೆಯ ದಿನ ಅರ್ಥವಾಗಬೇಕಾದರೆ ಅದರ ಮರುದಿನದಿಂದ ಶುರು ಮಾಡಬೇಕು. ಹತ್ತನೇ ದಿನ ಬೆಳಗ್ಗೆ ಏಳರ ಹೊತ್ತಿಗೆ ಹಡಗು ಉಶುವಾಯಾದ ಜೆಟ್ಟಿಯಲ್ಲಿ ನಿಂತಿರಲೇಬೇಕು. ಎಂಟು, ಎಂಟೂವರೆಗೆ ಪ್ರಯಾಣಿಕರೆಲ್ಲ ಇಳಿಯುತ್ತಾರೆ. ಅವತ್ತೇ ಸಂಜೆ ನಾಲ್ಕರ ಸುಮಾರಿಗೆ ಮುಂದಿನ ತಂಡ ಹತ್ತುತ್ತದೆ. ನಡುವಿನ ಏಳೆಂಟು ಗಂಟೆಯಲ್ಲಿ ನೂರಾರು ಹಾಸಿಗೆ ಬದಲಾಗಬೇಕು, ಇಂಧನ ತುಂಬಬೇಕು, ಹತ್ತು ದಿನಕ್ಕಾಗುವಷ್ಟು ತರಕಾರಿ, ಮೊಟ್ಟೆ, ಹಾಲು ಒಳಗೆ ಬರಬೇಕು, ಹತ್ತು ದಿನದ ಕಸ ಹೊರಗೆ ಹೋಗಬೇಕು. ಪ್ರವಾಸದ ಸೀಸನ್ ಇರುವುದು ನವೆಂಬರ್‌ನಿಂದ ಮಾರ್ಚ್‌ವರೆಗೆ ಮಾತ್ರ. ಹಡಗಿನ ವರ್ಷದ ದುಡಿಮೆಯ ದೊಡ್ಡ ಪಾಲು ಈ ಕೆಲವೇ ತಿಂಗಳಲ್ಲಿ ಆಗಬೇಕು. ಹಾಗಾಗಿ ಅರ್ಧ ದಿನ ತಡವಾದರೂ ಮುಂದಿನ ಪ್ರವಾಸದ ಲೆಕ್ಕವೆಲ್ಲ ಜರುಗುತ್ತದೆ. ಇಳಿದವರ ವಿಮಾನಗಳೂ ಅವತ್ತೇ ಇರುತ್ತವೆ.

ಇನ್ನು ಹಿಂದಕ್ಕೆ ಎಣಿಸಿ. ಅಂಟಾರ್ಕ್ಟಿಕಾ ಕಡೆಯ ಸೌತ್ ಶೆಟ್‌ಲ್ಯಾಂಡ್ ದ್ವೀಪಗಳಿಂದ ದಕ್ಷಿಣ ಅಮೆರಿಕದ ಕೇಪ್ ಹಾರ್ನ್‌ಗೆ ಸುಮಾರು 800 ಕಿಲೋಮೀಟರ್. ಅಲ್ಲಿಂದ ನೆಲದ ತುದಿಯನ್ನು ಸುತ್ತು ಹಾಕಿ, ಬೀಗಲ್ ಚಾನೆಲ್ ಎಂಬ ಇಕ್ಕಟ್ಟಾದ ನೀರಿನ ದಾರಿಯೊಳಗೆ ನುಗ್ಗಿ ಉಶುವಾಯಾ ತಲುಪಲು ಇನ್ನಷ್ಟು ದೂರ. ಇಂಥ ಹಡಗುಗಳ ವೇಗ ಸಾಮಾನ್ಯವಾಗಿ 12ರಿಂದ 14 ನಾಟ್. ಅಂದರೆ ಗಂಟೆಗೆ ಹೆಚ್ಚೆಂದರೆ 26 ಕಿಲೋಮೀಟರ್. ಸಮುದ್ರ ಶಾಂತವಾಗಿದ್ದರೆ ಒಟ್ಟು ದಾರಿಗೆ ಎರಡು ದಿನ ಹತ್ತಿರ ಹತ್ತಿರ ಬೇಕು. ಬಿರುಗಾಳಿ ಎದ್ದರೆ ವೇಗ ಇಳಿಸಬೇಕಾಗುತ್ತದೆ, ಇನ್ನೂ ಜಾಸ್ತಿ ಹೊತ್ತು ಹಿಡಿಯುತ್ತದೆ.

ಪ್ರಯಾಣಿಕರಿಗೆ ಬೇಸರ ತರಿಸುವ ಒಂದು ಸಂಗತಿಗೆ ಉತ್ತರ ಇಲ್ಲೇ ಇದೆ. ಕೆಲವು ಸಲ ಏಳನೇ ದಿನ ಆಕಾಶ ತಿಳಿಯಾಗಿರುತ್ತದೆ, ಗಾಳಿಯ ಸುಳಿವಿಲ್ಲ, ಸಂಜೆ ಇನ್ನೊಂದು ದ್ವೀಪದಲ್ಲಿ ಇಳಿಸುತ್ತೇವೆ ಅಂದಿರುತ್ತಾರೆ. ಮಧ್ಯಾಹ್ನದ ಊಟದ ಹೊತ್ತಿಗೆ ಸ್ಪೀಕರ್‌ನಲ್ಲಿ ಪ್ರಕಟಣೆ ಬರುತ್ತದೆ: ಇಳಿಯುವುದು ರದ್ದು, ಈಗಲೇ ಉತ್ತರಕ್ಕೆ ಹೊರಡುತ್ತಿದ್ದೇವೆ. ಮುಖಗಳು ಬಾಡುತ್ತವೆ. ಇಷ್ಟು ದುಡ್ಡು ಕೊಟ್ಟಿದ್ದೇವೆ ಅಂತ ಯಾರೋ ಗೊಣಗುತ್ತಾರೆ. ಆದರೆ ಕ್ಯಾಪ್ಟನ್ ನೋಡುತ್ತಿರುವುದು ಕಿಟಕಿಯ ಹೊರಗಿನ ಆಕಾಶವನ್ನಲ್ಲ, ಎರಡು ದಿನ ಮುಂದಿನ ಹವಾಮಾನ ನಕ್ಷೆಯನ್ನು. ಡ್ರೇಕ್ ಕಡಲಿನ ಮೇಲೆ ಕಡಿಮೆ ಒತ್ತಡದ ಸುಳಿಗಳು ಪಶ್ಚಿಮದಿಂದ ಪೂರ್ವಕ್ಕೆ ಒಂದರ ಹಿಂದೆ ಒಂದು ಹೋಗುತ್ತಲೇ ಇರುತ್ತವೆ. ಎರಡು ಸುಳಿಗಳ ನಡುವಿನ ಬಿಡುವಿನಲ್ಲಿ ನುಸುಳಿ ದಾಟುವುದೇ ಕ್ಯಾಪ್ಟನ್‌ಗಳ ಜಾಣ್ಮೆ. ಆರು ಗಂಟೆ ಮೊದಲೇ ಹೊರಟರೆ ಎರಡು ಮೀಟರ್ ಅಲೆ, ತಡ ಮಾಡಿದರೆ ಎಂಟು ಮೀಟರ್ ಅಲೆ ಅನ್ನುವಂಥ ಲೆಕ್ಕ ಅದು. ಒಂಬತ್ತನೇ ದಿನ ಹೇಗಿರಬೇಕು ಅನ್ನುವುದು ಹೀಗೆ ಏಳನೇ ದಿನವೇ ತೀರ್ಮಾನವಾಗಿರುತ್ತದೆ.

ಈ ಕಡಲಿಗೆ ಯಾಕಿಷ್ಟು ಸಿಟ್ಟು?

ಹಡಗಿನ ಜನ ಡ್ರೇಕ್ ಕಡಲಿಗೆ ಎರಡು ಹೆಸರು ಇಟ್ಟಿದ್ದಾರೆ. ಶಾಂತವಾಗಿದ್ದರೆ 'ಡ್ರೇಕ್ ಲೇಕ್', ಕುಣಿಸಿದರೆ 'ಡ್ರೇಕ್ ಶೇಕ್'. ಯಾವುದು ಸಿಗುತ್ತದೆ ಅನ್ನುವುದು ಅವರವರ ಅದೃಷ್ಟ. ಆದರೆ ಶೇಕ್ ಇಷ್ಟು ಸಲ ಯಾಕೆ ಸಿಗುತ್ತದೆ ಅನ್ನುವುದಕ್ಕೆ ಅದೃಷ್ಟ ಕಾರಣವಲ್ಲ.

ಗ್ಲೋಬ್ ಇದ್ದರೆ ತಿರುಗಿಸಿ ನೋಡಿ. ದಕ್ಷಿಣದ 56ರಿಂದ 60 ಡಿಗ್ರಿ ಅಕ್ಷಾಂಶದ ನಡುವೆ ಬೆರಳಿಟ್ಟು ಇಡೀ ಭೂಮಿಯನ್ನು ಒಂದು ಸುತ್ತು ಹಾಕಿದರೆ ದಾರಿಗೆ ಅಡ್ಡ ಬರುವ ಖಂಡ ಒಂದೂ ಇಲ್ಲ. ಬರೀ ನೀರು. ಭೂಮಿಯ ಮೇಲೆ ಬೇರೆಲ್ಲೂ ಹೀಗಿಲ್ಲ. ಉತ್ತರದಲ್ಲಿ ಅದೇ ಅಕ್ಷಾಂಶದಲ್ಲಿ ಸ್ಕಾಟ್ಲೆಂಡ್, ರಷ್ಯಾ, ಕೆನಡಾ ಎಲ್ಲ ಇವೆ. ಅಲ್ಲಿ ಗಾಳಿಗೆ ಬೆಟ್ಟ, ಕಾಡು, ಊರು ಅಡ್ಡ ಸಿಗುತ್ತವೆ. ಇಲ್ಲಿ ಪಶ್ಚಿಮದ ಗಾಳಿಗೆ ತಡೆಯೇ ಇಲ್ಲ.

ಅಲೆ ಎಷ್ಟು ದೊಡ್ಡದಾಗುತ್ತದೆ ಅನ್ನುವುದು ಮೂರು ವಿಷಯಗಳ ಮೇಲೆ ನಿಂತಿದೆ. ಗಾಳಿಯ ವೇಗ, ಗಾಳಿ ಎಷ್ಟು ಹೊತ್ತು ಬೀಸಿತು, ಎಷ್ಟು ದೂರದವರೆಗೆ ನೀರಿನ ಮೇಲೆ ಬೀಸಿತು. ಡ್ರೇಕ್‌ಗೆ ಬರುವ ಅಲೆಗಳಿಗೆ ಮೂರನೆಯದಕ್ಕೆ ಮಿತಿಯೇ ಇಲ್ಲ. ಪೆಸಿಫಿಕ್ ಸಾಗರದಲ್ಲಿ ಸಾವಿರಾರು ಕಿಲೋಮೀಟರ್ ಓಡಿ ಮೈ ತುಂಬಿಕೊಂಡು ಅವು ಇಲ್ಲಿಗೆ ಬರುತ್ತವೆ.

ಅಲೆಯ ಕೆಳಗೆ ಇನ್ನೊಂದು ಓಟವಿದೆ. ಅಂಟಾರ್ಕ್ಟಿಕಾವನ್ನು ಸುತ್ತುವರಿದು ಹರಿಯುವ ಪ್ರವಾಹ ಜಗತ್ತಿನಲ್ಲೇ ದೊಡ್ಡದು. ಡ್ರೇಕ್ ಮೂಲಕ ಹಾದುಹೋಗುವ ನೀರು ಸೆಕೆಂಡಿಗೆ ಸುಮಾರು 13ರಿಂದ 17 ಕೋಟಿ ಘನ ಮೀಟರ್. ಜಗತ್ತಿನ ಎಲ್ಲ ನದಿಗಳನ್ನು ಒಟ್ಟು ಸೇರಿಸಿದರೂ ಅದರ ನೂರರಲ್ಲಿ ಒಂದು ಪಾಲು ಆದೀತು ಅಷ್ಟೇ. ಬೇರೆ ಕಡೆ ವಿಶಾಲವಾಗಿ ಹರಡಿಕೊಂಡು ಹರಿಯುವ ಈ ನೀರು ದಕ್ಷಿಣ ಅಮೆರಿಕ ಮತ್ತು ಅಂಟಾರ್ಕ್ಟಿಕಾದ ನಡುವೆ 800 ಕಿಲೋಮೀಟರ್‌ನ ಸಂದಿಯಲ್ಲಿ ನುಗ್ಗಬೇಕು. ಎರಡೂ ಖಂಡಗಳು ಒಂದು ಕಾಲಕ್ಕೆ ಅಂಟಿಕೊಂಡಿದ್ದವು. ಮೂರು ನಾಲ್ಕು ಕೋಟಿ ವರ್ಷಗಳ ಹಿಂದೆ ಈ ಸಂದಿ ತೆರೆದುಕೊಂಡಿತು ಅನ್ನುತ್ತಾರೆ ಭೂವಿಜ್ಞಾನಿಗಳು. ಸರಿಯಾದ ಕಾಲದ ಬಗ್ಗೆ ಅವರಲ್ಲೇ ಜಗಳವಿದೆ.

ಹಡಗು ಯಾಕೆ ಅಷ್ಟು ಹೊರಳುತ್ತದೆ ಅನ್ನುವುದಕ್ಕೆ ಇನ್ನೊಂದು ಸರಳ ಕಾರಣ ಇದೆ, ಬ್ರೋಷರ್‌ಗಳು ಇದನ್ನು ಹೇಳುವುದಿಲ್ಲ. ಅಲೆ ಬರುವುದು ಪಶ್ಚಿಮದಿಂದ. ಹಡಗು ಹೋಗುತ್ತಿರುವುದು ಉತ್ತರಕ್ಕೆ. ಅಂದರೆ ಹೊಡೆತ ಬೀಳುವುದು ಮೂತಿಗಲ್ಲ, ಪಕ್ಕೆಗೆ. ಮೂತಿಗೆ ಬಂದ ಅಲೆಯನ್ನು ಹಡಗು ಸೀಳಿಕೊಂಡು ಹೋಗುತ್ತದೆ. ಪಕ್ಕೆಗೆ ಬಂದ ಅಲೆ ಹಡಗನ್ನು ಎಡಕ್ಕೂ ಬಲಕ್ಕೂ ವಾಲಿಸುತ್ತದೆ. ತೀರಾ ಜೋರಾದರೆ ಕ್ಯಾಪ್ಟನ್ ದಿಕ್ಕು ಸ್ವಲ್ಪ ಬದಲಾಯಿಸಿ, ಅಲೆಗೆ ಓರೆಯಾಗಿ ಹೋಗುತ್ತಾರೆ. ದಾರಿ ಉದ್ದವಾಗುತ್ತದೆ, ಆದರೆ ಊಟದ ತಟ್ಟೆ ಮೇಜಿನ ಮೇಲೆ ಉಳಿಯುತ್ತದೆ. ಹಡಗಿನ ಎರಡೂ ಬದಿಯಲ್ಲಿ ನೀರೊಳಗೆ ರೆಕ್ಕೆಯಂಥ ಸ್ಟೆಬಿಲೈಸರ್‌ಗಳು ಇರುತ್ತವೆ, ಅವು ಹೊರಳಾಟವನ್ನು ಸಾಕಷ್ಟು ತಗ್ಗಿಸುತ್ತವೆ, ಪೂರ್ತಿ ನಿಲ್ಲಿಸುವುದಿಲ್ಲ.

ಕೊನೆಯ ದಿನ ಇನ್ನೊಂದು ತಿರುವು ಬರುತ್ತದೆ. ಡ್ರೇಕ್‌ನ ನಡುವೆ ಕಡಲಿನ ಆಳ ಮೂರು ನಾಲ್ಕು ಸಾವಿರ ಮೀಟರ್. ದಕ್ಷಿಣ ಅಮೆರಿಕ ಹತ್ತಿರವಾದಾಗ ತಳ ಸರ್ರನೆ ಮೇಲೇರಿ ಆಳ ಕೆಲವೇ ನೂರು ಮೀಟರ್‌ಗೆ ಇಳಿಯುತ್ತದೆ. ತಳ ಮೇಲೆ ಬಂದಷ್ಟೂ ದೊಡ್ಡ ಅಲೆಗಳು ಒಂದಕ್ಕೊಂದು ಹತ್ತಿರವಾಗಿ, ಕಡಿದಾಗಿ ಏಳುತ್ತವೆ. ಕೇಪ್ ಹಾರ್ನ್ ಸುತ್ತಮುತ್ತ ನೂರಾರು ಹಾಯಿಹಡಗುಗಳು ಮುಳುಗಿದ್ದಕ್ಕೆ ಇದೂ ಒಂದು ಕಾರಣ. ಅಲ್ಲಿಂದ ಸ್ವಲ್ಪ ಮುಂದೆ ಹೋದರೆ ಟಿಯೆರಾ ದೆಲ್ ಫ್ಯೂಗೊ ದ್ವೀಪಗಳ ಮರೆ ಸಿಗುತ್ತದೆ. ಪಶ್ಚಿಮದ ಗಾಳಿಗೆ ಬೆಟ್ಟ ಅಡ್ಡ ನಿಲ್ಲುತ್ತದೆ. ಬೆಳಗ್ಗೆ ಗೋಡೆ ಹಿಡಿದು ನಡೆಯುತ್ತಿದ್ದವರು ಸಂಜೆ ಕೈಬಿಟ್ಟು ಓಡಾಡುತ್ತಾರೆ.

ಹೊಟ್ಟೆ ತೊಳಸುವ ವಿಚಾರವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕಿವಿಯ ಒಳಭಾಗದಲ್ಲಿರುವ ಸಮತೋಲನದ ಅಂಗ 'ನಾವು ಅಲ್ಲಾಡುತ್ತಿದ್ದೇವೆ' ಅನ್ನುತ್ತದೆ. ಕೋಣೆಯ ಗೋಡೆ ನೋಡುತ್ತಿರುವ ಕಣ್ಣು 'ಇಲ್ಲ, ಎಲ್ಲ ನಿಂತಿದೆ' ಅನ್ನುತ್ತದೆ. ಚಾರ್ಮಾಡಿ ಘಾಟಿಯಲ್ಲಿ ಬಸ್ಸಿನೊಳಗೆ ಮೊಬೈಲ್ ನೋಡುತ್ತಾ ಕೂತರೆ ಆಗುವುದೂ ಇದೇ. ಪರಿಹಾರವೂ ಅದೇ, ದೂರ ನೋಡುವುದು. ಹಡಗಿನಲ್ಲಿ ದಿಗಂತದ ಗೆರೆ ಕಾಣುವ ಜಾಗ ಹುಡುಕಬೇಕು. ಮಧ್ಯಭಾಗದ, ಕೆಳ ಅಂತಸ್ತಿನ ಕೋಣೆಗಳು ಕಡಿಮೆ ಅಲ್ಲಾಡುತ್ತವೆ. ತಮಾಷೆ ಅಂದರೆ ಅವೇ ಕಡಿಮೆ ಬೆಲೆಯವು. ಮೇಲಂತಸ್ತಿನ ಬಾಲ್ಕನಿ ಕೋಣೆಗೆ ದುಪ್ಪಟ್ಟು ಕೊಟ್ಟವರಿಗೆ ಹೊರಳಾಟವೂ ಜಾಸ್ತಿ ಸಿಗುತ್ತದೆ. ಮಾತ್ರೆಯನ್ನು ತೊಳಸುವುದಕ್ಕೆ ಮೊದಲೇ ತೆಗೆದುಕೊಳ್ಳಬೇಕು, ಶುರುವಾದ ಮೇಲೆ ಅದು ಹೊಟ್ಟೆಯಲ್ಲಿ ನಿಲ್ಲುವುದೇ ಕಷ್ಟ. ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ. ಇನ್ನೊಂದು ಮಾತು. ಹಡಗು ವಾಲುವಾಗ ಬಾಗಿಲ ಚೌಕಟ್ಟು ಹಿಡಿದುಕೊಳ್ಳಬೇಡಿ. ಭಾರದ ಬಾಗಿಲು ತಾನಾಗಿ ಬಡಿದುಕೊಳ್ಳುತ್ತದೆ, ಬೆರಳು ಜಜ್ಜಿಹೋಗುತ್ತದೆ. ಸಿಬ್ಬಂದಿ ಇದನ್ನು ಮತ್ತೆ ಮತ್ತೆ ಹೇಳುವುದು ಸುಮ್ನೆ ಅಲ್ಲ.

ಅಂಟಾರ್ಕ್ಟಿಕಾ ಮುಗಿಯುವ ಎರಡು ಗೆರೆ

ನಾವು ಅಂಟಾರ್ಕ್ಟಿಕಾ ಬಿಟ್ಟದ್ದು ಯಾವಾಗ? ಕೊನೆಯ ಹಿಮಬಂಡೆ ಕಣ್ಮರೆಯಾದಾಗ ಅಂತ ಪ್ರಯಾಣಿಕರು ಅಂದುಕೊಳ್ಳುತ್ತಾರೆ. ಕಾನೂನು ಬೇರೆ ಹೇಳುತ್ತದೆ, ನೀರು ಇನ್ನೊಂದು ಹೇಳುತ್ತದೆ.

ಕಾನೂನಿನ ಗೆರೆ 60 ಡಿಗ್ರಿ ದಕ್ಷಿಣ. 1959ರಲ್ಲಿ ಸಹಿಯಾಗಿ 1961ರಲ್ಲಿ ಜಾರಿಗೆ ಬಂದ ಅಂಟಾರ್ಕ್ಟಿಕ್ ಒಪ್ಪಂದ ಅನ್ವಯವಾಗುವುದು ಈ ಗೆರೆಯಿಂದ ಕೆಳಗೆ. ಭಾರತ ಇದಕ್ಕೆ ಸೇರಿದ್ದು 1983ರಲ್ಲಿ. ಗೆರೆಯ ಕೆಳಗೆ ಹಡಗುಗಳು ದಪ್ಪ ಕರಿ ಎಣ್ಣೆಯನ್ನು ಉರಿಸುವ ಹಾಗಿಲ್ಲ, ಟ್ಯಾಂಕಿನಲ್ಲಿ ಇಂಧನವಾಗಿ ಒಯ್ಯುವ ಹಾಗೂ ಇಲ್ಲ. 2011ರ ಆಗಸ್ಟ್‌ನಿಂದ ಆ ನಿಷೇಧ ಜಾರಿಯಲ್ಲಿದೆ. ಒಂದು ಹಡಗು ಒಡೆದು ಅಂಥ ಎಣ್ಣೆ ಚೆಲ್ಲಿದರೆ ಆ ಚಳಿಯಲ್ಲಿ ಅದು ಕರಗಿ ಹೋಗಲು ವರ್ಷಗಟ್ಟಲೆ ಬೇಕು. ವಾಪಸ್ ಬರುವಾಗ ಈ ಗೆರೆ ಹಿಂದಿನ ದಿನವೇ ದಾಟಿ ಹೋಗಿರುತ್ತದೆ. ಹೊರಗೆ ಏನೂ ಬದಲಾದ ಹಾಗೆ ಕಾಣುವುದಿಲ್ಲ.

ನೀರಿನ ಗೆರೆ ಹಾಗಲ್ಲ. ಅದಕ್ಕೆ ಅಂಟಾರ್ಕ್ಟಿಕ್ ಕನ್ವರ್ಜೆನ್ಸ್ ಅಂತ ಹೆಸರು. ದಕ್ಷಿಣದಿಂದ ಬರುವ ಕೊರೆಯುವ ನೀರು ಉತ್ತರದ ಸ್ವಲ್ಪ ಬೆಚ್ಚಗಿನ ನೀರನ್ನು ಮುಟ್ಟುವ ಜಾಗ ಅದು. ತಣ್ಣೀರು ಭಾರ, ಹಾಗಾಗಿ ಅದು ಬೆಚ್ಚಗಿನ ನೀರಿನ ಅಡಿಗೆ ಜಾರಿ, ಆಳದಲ್ಲಿ ಉತ್ತರದ ಕಡೆ ಸಾಗುತ್ತದೆ. ಈ ಗೆರೆ ಒಂದೇ ಕಡೆ ನಿಲ್ಲುವುದಿಲ್ಲ, ಋತುವಿಗೆ, ಜಾಗಕ್ಕೆ ತಕ್ಕಂತೆ ಅಂಕುಡೊಂಕಾಗಿ ಆಚೀಚೆ ಸರಿಯುತ್ತಿರುತ್ತದೆ. ವಾಪಸಾಗುವ ಹಡಗು ಇದನ್ನು ಸಾಮಾನ್ಯವಾಗಿ ಎಂಟನೇ ದಿನದ ಸಂಜೆ ಮತ್ತು ಒಂಬತ್ತನೇ ದಿನದ ಬೆಳಗಿನ ನಡುವೆ ದಾಟುತ್ತದೆ. ಅನೇಕ ಹಡಗುಗಳಲ್ಲಿ ಪ್ರಯಾಣಿಕರನ್ನು ಬ್ರಿಡ್ಜ್‌ಗೆ, ಅಂದರೆ ಹಡಗು ನಡೆಸುವ ಕೋಣೆಗೆ, ಬಿಡುತ್ತಾರೆ. ಅಲ್ಲಿ ನೀರಿನ ಉಷ್ಣತೆ ತೋರಿಸುವ ಅಂಕಿ ಇರುತ್ತದೆ. ಅದನ್ನೇ ನೋಡುತ್ತಿದ್ದರೆ ಕೆಲವು ಗಂಟೆಗಳಲ್ಲಿ ಎರಡು ಮೂರು ಡಿಗ್ರಿ ಏರುವುದು ಗೊತ್ತಾಗುತ್ತದೆ. ಕೆಲವೊಮ್ಮೆ ಅಲ್ಲಿ ಮಂಜು ದಟ್ಟವಾಗಿ ಕವಿದಿರುತ್ತದೆ. ತಣ್ಣೀರಿನ ಮೇಲೆ ಬೆಚ್ಚಗಿನ ತೇವದ ಗಾಳಿ ಬಂದರೆ ಹಾಗಾಗುತ್ತದೆ.

ಎರಡು ಮೂರು ಡಿಗ್ರಿ ಅಂದರೆ ಏನು ಮಹಾ ಅನ್ನಿಸಬಹುದು. ಜೀವಿಗಳಿಗೆ ಅದು ದೊಡ್ಡ ಬೇಲಿ. ಗೆರೆಯ ಈಚೆಗಿನ ಅನೇಕ ಮೀನು, ನೀರಲ್ಲಿ ತೇಲುವ ಪ್ಲಾಂಕ್ಟನ್ ಎಂಬ ಪುಟ್ಟ ಜೀವಿಗಳು ಆಚೆ ಬದುಕಲಾರವು, ಆಚೆಯವು ಈಚೆ ಬರುವುದಿಲ್ಲ. ತಿಮಿಂಗಿಲ, ಪೆಂಗ್ವಿನ್, ಸೀಲ್‌ಗಳ ಹೊಟ್ಟೆ ತುಂಬಿಸುವ ಕ್ರಿಲ್ ಎಂಬ ಸಿಗಡಿಯಂಥ ಜೀವಿ ರಾಶಿ ರಾಶಿಯಾಗಿ ಇರುವುದು ಗೆರೆಯ ದಕ್ಷಿಣಕ್ಕೆ. ಕ್ರಿಲ್ ಮತ್ತು ಮೀನು ಹಿಡಿಯುವುದಕ್ಕೆ ಮಿತಿ ಹಾಕುವ ಅಂತರರಾಷ್ಟ್ರೀಯ ಒಡಂಬಡಿಕೆ 1982ರಲ್ಲಿ ಜಾರಿಗೆ ಬಂತು. ಅದರ ಗಡಿಯನ್ನು 60 ಡಿಗ್ರಿಗೆ ಎಳೆಯಲಿಲ್ಲ, ಹೆಚ್ಚೂಕಡಿಮೆ ಈ ನೀರಿನ ಗೆರೆಗೆ ಎಳೆದರು. ನನಗೆ ಕೇಳಿದರೆ ಅಂಟಾರ್ಕ್ಟಿಕಾದ ನಿಜವಾದ ಗಡಿ ಇದೇ. ಅಧಿಕಾರಿಗಳ ನಕ್ಷೆಗಿಂತ ಮೀನಿನ ಮಾತು ಹೆಚ್ಚು ನಂಬಬಹುದು.

ರೆಕ್ಕೆ ಬಡಿಯದ ಹಕ್ಕಿ

ಗೆರೆ ದಾಟಿದ ಮೇಲೆ ಹಡಗಿನ ಹಿಂಬದಿಯ ಡೆಕ್‌ಗೆ ಹೋಗಿ ನಿಂತರೆ ಕೊನೆಯ ದಿನದ ದೊಡ್ಡ ನೋಟ ಅಲ್ಲಿರುತ್ತದೆ. ಡೆಕ್ ಮುಚ್ಚಿಲ್ಲದಿದ್ದರೆ, ಅಷ್ಟೇ. ಜೋರು ಗಾಳಿಗೆ ಹೊರ ಬಾಗಿಲುಗಳಿಗೆ ಬೀಗ ಹಾಕುತ್ತಾರೆ.

ಆಲ್ಬಟ್ರಾಸ್ ಎಂಬ ದೊಡ್ಡ ಕಡಲಹಕ್ಕಿಗಳು ಹಡಗಿನ ಹಿಂದೆ ಬರುತ್ತವೆ. ಕಪ್ಪು ಹುಬ್ಬಿನ ಆಲ್ಬಟ್ರಾಸ್ ಜಾಸ್ತಿ ಕಾಣುತ್ತದೆ. ವಾಂಡರಿಂಗ್ ಆಲ್ಬಟ್ರಾಸ್ ಬಂದರೆ ಡೆಕ್‌ನಲ್ಲಿ ಗದ್ದಲ. ಅದರ ರೆಕ್ಕೆಗಳ ಅಗಲ ತುದಿಯಿಂದ ತುದಿಗೆ 3.5 ಮೀಟರ್‌ವರೆಗೂ ಇರುತ್ತದೆ, ಬದುಕಿರುವ ಹಕ್ಕಿಗಳಲ್ಲಿ ಅದೇ ದಾಖಲೆ. ಜೊತೆಗೆ ಕರಿಬಿಳಿ ಚುಕ್ಕೆಯ ಕೇಪ್ ಪೆಟ್ರೆಲ್‌ಗಳು, ಜೈಂಟ್ ಪೆಟ್ರೆಲ್‌ಗಳು, ನೀರ ಮೇಲೆ ಕಾಲಾಡಿಸುತ್ತಾ ಹೋಗುವ ಪುಟ್ಟ ಸ್ಟಾರ್ಮ್ ಪೆಟ್ರೆಲ್‌ಗಳು.

ಅರ್ಧ ಗಂಟೆ ನೋಡಿದರೂ ಆಲ್ಬಟ್ರಾಸ್ ಒಂದು ಸಲವೂ ರೆಕ್ಕೆ ಬಡಿಯದೆ ಇರಬಹುದು. ಇದು ಹೇಗೆ? ಅಲೆಗೆ ಹತ್ತಿರದಲ್ಲಿ ಗಾಳಿ ನೀರಿಗೆ ಉಜ್ಜಿಕೊಂಡು ನಿಧಾನವಾಗುತ್ತದೆ. ಹತ್ತು ಹದಿನೈದು ಮೀಟರ್ ಮೇಲೆ ಅದೇ ಗಾಳಿ ಜೋರಾಗಿರುತ್ತದೆ. ಹಕ್ಕಿ ಗಾಳಿಗೆ ಎದುರಾಗಿ ಮೇಲೇರುತ್ತದೆ. ಮೇಲೆ ಹೋದಷ್ಟೂ ಎದುರುಗಾಳಿ ಜೋರಾಗುತ್ತದೆ, ರೆಕ್ಕೆಯ ಮೇಲೆ ಹಾಯುವ ಗಾಳಿಯ ವೇಗ ಕಡಿಮೆಯಾಗುವುದೇ ಇಲ್ಲ. ತುದಿಗೆ ಹೋಗಿ ಮಗ್ಗುಲು ಬದಲಿಸಿ, ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ಇಳಿಜಾರಿನಲ್ಲಿ ಧಾವಿಸುತ್ತದೆ. ನೀರಿಗೆ ತಗಲುವಷ್ಟು ಕೆಳಗೆ ಬಂದು ಮತ್ತೆ ಎದುರುಗಾಳಿಗೆ ತಿರುಗುತ್ತದೆ. ಪ್ರತಿ ಸುತ್ತಿನಲ್ಲೂ ಗಾಳಿಯಿಂದಲೇ ಶಕ್ತಿ ಕದಿಯುತ್ತದೆ. ರೆಕ್ಕೆ ಬಿಚ್ಚಿ ಹಿಡಿಯುವ ಕಷ್ಟವೂ ಇಲ್ಲ. ಭುಜದಲ್ಲಿರುವ ಒಂದು ಸ್ನಾಯುರಜ್ಜು ಬಿಚ್ಚಿದ ರೆಕ್ಕೆಯನ್ನು ಹಾಗೇ ಬೀಗ ಹಾಕಿಡುತ್ತದೆ. ಹಾಗಾಗಿ ನಮಗೆ ವಾಂತಿ ತರಿಸುವ ಗಾಳಿ ಇದಕ್ಕೆ ಬದುಕು. ಗಾಳಿ ನಿಂತ ದಿನ ಆಲ್ಬಟ್ರಾಸ್ ನೀರಿನ ಮೇಲೆ ಸುಮ್ಮನೆ ಕೂತುಬಿಡುತ್ತದೆ. 'ಡ್ರೇಕ್ ಲೇಕ್' ಸಿಕ್ಕಿತು ಅಂತ ಖುಷಿಪಟ್ಟವರಿಗೆ ಹಕ್ಕಿಗಳು ಕಡಿಮೆ.

ಈ ಹಕ್ಕಿಗಳಿಗೆ ದೊಡ್ಡ ಕುತ್ತು ಬಂದದ್ದು ಮೀನುಗಾರಿಕೆಯಿಂದ. ಕಿಲೋಮೀಟರ್‌ಗಟ್ಟಲೆ ಉದ್ದದ ಹಗ್ಗಕ್ಕೆ ಸಾವಿರಾರು ಗಾಳ ಕಟ್ಟಿ ಬಿಡುವಾಗ, ಮುಳುಗುವ ಮೊದಲೇ ಹಕ್ಕಿ ಎರೆಯನ್ನು ಕಚ್ಚಿ ನೀರೊಳಗೆ ಎಳೆದುಕೊಂಡು ಹೋಗಲ್ಪಡುತ್ತಿತ್ತು. ಹಕ್ಕಿ ಬೆದರಿಸುವ ಬಣ್ಣದ ಪಟ್ಟಿಗಳನ್ನು ಕಟ್ಟುವುದು, ಗಾಳಕ್ಕೆ ಭಾರ ಹಾಕುವುದು, ರಾತ್ರಿ ಮಾತ್ರ ಬಿಡುವುದು, ಇಷ್ಟು ಸಣ್ಣ ನಿಯಮಗಳಿಂದ ಸೌತ್ ಜಾರ್ಜಿಯಾ ದ್ವೀಪದ ಸುತ್ತ ಈ ಸಾವು ಹೆಚ್ಚೂಕಡಿಮೆ ನಿಂತೇಹೋಯಿತು. ಉತ್ತರದ ತೆರೆದ ಸಾಗರದಲ್ಲಿ ನಿಂತಿಲ್ಲ.

ಬೂಟು, ವರದಿ, ಬಿಲ್

ಹಡಗಿನ ಒಳಗೆ ಬನ್ನಿ. ಕೊನೆಯ ದಿನ ಬೂಟುಗಳನ್ನು ವಾಪಸ್ ಕೊಡಬೇಕು. ಹೋದಾಗ ಹಡಗಿನವರೇ ಕೊಟ್ಟ ಮೊಣಕಾಲಿನವರೆಗಿನ ರಬ್ಬರ್ ಬೂಟುಗಳು. ಪ್ರತಿ ಸಲ ದಡಕ್ಕೆ ಇಳಿಯುವ ಮೊದಲು ಮತ್ತು ಹತ್ತಿದ ಮೇಲೆ ಅವನ್ನು ಉಜ್ಜಿ, ಔಷಧದ ನೀರಿನಲ್ಲಿ ಅದ್ದಿಸಿರುತ್ತಾರೆ. ಜಾಕೆಟ್ ಮಾತ್ರ ಎಷ್ಟೋ ಕಂಪನಿಗಳಲ್ಲಿ ನಮಗೇ. ಬೆಂಗಳೂರಿನಲ್ಲಿ ಅದನ್ನು ಯಾವಾಗ ಹಾಕಿಕೊಳ್ಳುವುದೋ ಅದು ಬೇರೆ ಪ್ರಶ್ನೆ.

ಬೂಟಿನ ಬಗ್ಗೆ ಇಷ್ಟು ಮಡಿ ಯಾಕೆ? ಬೂಟಿನ ಅಡಿಯ ಸಂದಿಯಲ್ಲಿ ಒಂದು ಹುಲ್ಲಿನ ಬೀಜ ಸಾಕು. ಯುರೋಪಿನ ಸಾಮಾನ್ಯ ಹುಲ್ಲೊಂದು, ಪೋವಾ ಆನುವಾ, ಹೀಗೆ ಮನುಷ್ಯರ ಜೊತೆ ಹೋಗಿ ಸೌತ್ ಶೆಟ್‌ಲ್ಯಾಂಡ್ ದ್ವೀಪಗಳಲ್ಲೊಂದಾದ ಕಿಂಗ್ ಜಾರ್ಜ್ ದ್ವೀಪದಲ್ಲಿ ಬೇರು ಬಿಟ್ಟಿದೆ. ಅದನ್ನು ಕೀಳಲು ಪೋಲೆಂಡಿನ ವಿಜ್ಞಾನಿಗಳು ಹೆಣಗುತ್ತಿದ್ದಾರೆ. ಈಗ ಹಕ್ಕಿಜ್ವರದ ಭಯವೂ ಸೇರಿದೆ. ಎಚ್5ಎನ್1 ವೈರಸ್ 2023ರ ಅಕ್ಟೋಬರ್‌ನಲ್ಲಿ ಸೌತ್ ಜಾರ್ಜಿಯಾದಲ್ಲಿ, 2024ರ ಫೆಬ್ರವರಿಯಲ್ಲಿ ಅಂಟಾರ್ಕ್ಟಿಕಾದ ಮುಖ್ಯ ಭೂಮಿಯಲ್ಲಿ ಖಚಿತವಾಯಿತು. ಅದನ್ನು ತಂದದ್ದು ಪ್ರವಾಸಿಗರಲ್ಲ, ವಲಸೆ ಹಕ್ಕಿಗಳು. ಆದರೆ ಒಂದು ಪೆಂಗ್ವಿನ್ ಬೀಡಿನಿಂದ ಇನ್ನೊಂದಕ್ಕೆ ನಮ್ಮ ಬೂಟು ಅದನ್ನು ಸಾಗಿಸಬಾರದಲ್ವಾ? ಅದಕ್ಕೇ ದಡದಲ್ಲಿ ಕೂರುವುದು, ಮಂಡಿಯೂರುವುದು, ಚೀಲ ನೆಲಕ್ಕಿಡುವುದು ಎಲ್ಲ ಬಂದ್ ಆಗಿದೆ.

ಅತ್ತ ಪ್ರವಾಸ ತಂಡದ ಮುಖ್ಯಸ್ಥರು ಕಂಪ್ಯೂಟರ್ ಮುಂದೆ ಕೂತು ವರದಿ ಬರೆಯುತ್ತಿರುತ್ತಾರೆ. ಯಾವ ಜಾಗದಲ್ಲಿ, ಯಾವ ದಿನ, ಎಷ್ಟು ಜನ ಇಳಿದರು, ಏನು ಮಾಡಿದರು, ಎಲ್ಲವೂ ಅದರಲ್ಲಿ ಬರಬೇಕು. ಅದು ಹೋಗುವುದು ಅಂಟಾರ್ಕ್ಟಿಕ್ ಪ್ರವಾಸ ಕಂಪನಿಗಳ ಒಕ್ಕೂಟವಾದ ಐಎಎಟಿಒಗೆ, ಹಾಗೂ ಪ್ರವಾಸಕ್ಕೆ ಅನುಮತಿ ಕೊಟ್ಟ ದೇಶಕ್ಕೆ. ಈ ಒಕ್ಕೂಟ 1991ರಲ್ಲಿ ಏಳು ಕಂಪನಿಗಳಿಂದ ಶುರುವಾಯಿತು. ಒಂದು ಜಾಗದಲ್ಲಿ ಒಂದು ಹೊತ್ತಿಗೆ 100ಕ್ಕಿಂತ ಹೆಚ್ಚು ಪ್ರವಾಸಿಗರು ದಡದಲ್ಲಿ ಇರುವ ಹಾಗಿಲ್ಲ, 500ಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗು ಯಾರನ್ನೂ ಇಳಿಸುವ ಹಾಗಿಲ್ಲ, ಪ್ರಾಣಿಗಳಿಂದ ಕನಿಷ್ಠ 5 ಮೀಟರ್ ದೂರ, ಇಂಥ ನಿಯಮಗಳನ್ನು ಪಾಲಿಸುವವರು, ಲೆಕ್ಕ ಒಪ್ಪಿಸುವವರು ಇವರೇ. ಅಂಟಾರ್ಕ್ಟಿಕಾಗೆ ಒಬ್ಬ ಪೊಲೀಸ್ ಇಲ್ಲ, ಟಿಕೆಟ್ ಕೌಂಟರ್ ಇಲ್ಲ. ಎಷ್ಟು ಜನ ಎಲ್ಲಿ ಓಡಾಡಿದರು ಅನ್ನುವುದು ಜಗತ್ತಿಗೆ ಗೊತ್ತಾಗುವುದು ಮುಖ್ಯವಾಗಿ ಈ ವರದಿಗಳಿಂದ.

ವ್ಯಾಪಾರ ಮಾಡುವವರೇ ತಮ್ಮ ಲೆಕ್ಕ ತಾವೇ ಬರೆಯುವುದು ಎಷ್ಟು ಸರಿ? ಕೇಳಬೇಕಾದ ಪ್ರಶ್ನೆಯೇ. ಹಡಗಿನಲ್ಲಿ ಈ ಥರ ಪ್ರವಾಸ ಶುರು ಮಾಡಿದವರು ಸ್ವೀಡನ್ ಮೂಲದ ಲಾರ್ಸ್ ಎರಿಕ್ ಲಿಂಡ್‌ಬ್ಲಾಡ್, 1966ರಲ್ಲಿ. ಆಗ ಹೋದವರು ಬೆರಳೆಣಿಕೆ. ಈಗ ಒಂದು ಸೀಸನ್‌ಗೆ 1 ಲಕ್ಷ ದಾಟಿದೆ. ಬಹುತೇಕರು ಅದೇ ಪರ್ಯಾಯ ದ್ವೀಪದ ಅದೇ ಕೆಲವು ಜಾಗಗಳಿಗೆ ಹೋಗುತ್ತಾರೆ. ಒಕ್ಕೂಟದ ಶಿಸ್ತು ಇಷ್ಟು ವರ್ಷ ಚೆನ್ನಾಗಿಯೇ ಕೆಲಸ ಮಾಡಿದೆ ಅನ್ನುವುದನ್ನು ಒಪ್ಪುತ್ತೇನೆ. ಆದರೆ ಒಟ್ಟು ಎಷ್ಟು ಜನ ಹೋಗಬಹುದು ಅನ್ನುವುದಕ್ಕೆ ಮಿತಿ ಹಾಕುವ ಕೆಲಸ ಅದರದ್ದಲ್ಲ, ದೇಶಗಳದ್ದು. 2024ರ ಮೇ ತಿಂಗಳಲ್ಲಿ ಕೊಚ್ಚಿಯಲ್ಲಿ ನಡೆದ ಒಪ್ಪಂದದ ದೇಶಗಳ ಸಭೆಯಲ್ಲಿ ಪ್ರವಾಸೋದ್ಯಮಕ್ಕೆ ಒಂದು ಚೌಕಟ್ಟು ಬೇಕೆಂಬ ಚರ್ಚೆ ನಡೆಯಿತು. ಭಾರತವೂ 2022ರಲ್ಲಿ ತನ್ನದೇ ಅಂಟಾರ್ಕ್ಟಿಕ್ ಕಾಯ್ದೆ ಮಾಡಿಕೊಂಡಿದೆ. ಚೌಕಟ್ಟು ಇನ್ನೂ ಚರ್ಚೆಯಲ್ಲೇ ಇರುವಾಗ ಹಡಗುಗಳ ಸಂಖ್ಯೆ ಮಾತ್ರ ಏರುತ್ತಿದೆ.

ಪ್ರಯಾಣಿಕರಿಗೂ ಒಂದು ಉಪಯೋಗದ ಕೆಲಸ ಇದೆ. ಹಂಪ್‌ಬ್ಯಾಕ್ ತಿಮಿಂಗಿಲ ಮುಳುಗುವಾಗ ಬಾಲದ ಅಡಿಭಾಗ ಕಾಣುತ್ತದೆ. ಅಲ್ಲಿನ ಕರಿಬಿಳಿ ಗುರುತು ಒಂದೊಂದು ತಿಮಿಂಗಿಲಕ್ಕೆ ಒಂದೊಂದು ಥರ. ಆ ಫೋಟೊವನ್ನು ಹ್ಯಾಪಿವೇಲ್ ಎಂಬ ತಾಣಕ್ಕೆ ಹಾಕಿದರೆ ಕಂಪ್ಯೂಟರ್ ಹಳೆಯ ಚಿತ್ರಗಳ ಜೊತೆ ಹೋಲಿಸಿ ಗುರುತು ಹಿಡಿಯುತ್ತದೆ. ಪರ್ಯಾಯ ದ್ವೀಪದಲ್ಲಿ ಬೇಸಿಗೆ ಕಳೆಯುವ ಎಷ್ಟೋ ತಿಮಿಂಗಿಲಗಳು ಚಳಿಗಾಲದಲ್ಲಿ ಕೊಲಂಬಿಯಾ, ಈಕ್ವೆಡಾರ್, ಪನಾಮ ಕರಾವಳಿಗೆ ಹೋಗುತ್ತವೆ. ನೀವು ತೆಗೆದ ಫೋಟೊದ ತಿಮಿಂಗಿಲ ಮುಂದಿನ ವರ್ಷ ಅಲ್ಲಿ ಕಂಡರೆ ನಿಮಗೆ ಇಮೇಲ್ ಬರುತ್ತದೆ.

ಉಳಿದದ್ದು ಬೇಗ ಹೇಳಬಹುದು. ಬಿಲ್ ಚುಕ್ತಾ ಮಾಡಲು ರಿಸೆಪ್ಷನ್ ಮುಂದೆ ಸಾಲು. ಕುಡಿದದ್ದು, ಇಂಟರ್ನೆಟ್, ಅಂಗಡಿಯ ಟೀಶರ್ಟ್ ಎಲ್ಲ ಅಲ್ಲಿ ಒಟ್ಟಿಗೆ ಬರುತ್ತದೆ. ಸಿಬ್ಬಂದಿಗೆ ಟಿಪ್ಸ್ ಕೊಡುವ ಪದ್ಧತಿ ಇದೆ, ಕಡ್ಡಾಯವಲ್ಲ. ಅಡುಗೆಮನೆ, ಕೋಣೆಗಳ ಕೆಲಸದಲ್ಲಿ ಫಿಲಿಪೀನ್ಸ್‌ನವರು ಜಾಸ್ತಿ, ಭಾರತೀಯರೂ ಇರುತ್ತಾರೆ. ಮಂಗಳೂರು, ಗೋವಾ ಕಡೆಯಿಂದ ಕ್ರೂಸ್ ಹಡಗುಗಳಿಗೆ ಹೋಗುವವರು ಮೊದಲಿಂದಲೂ ಇದ್ದಾರೆ. ಸಂಜೆ ಕ್ಯಾಪ್ಟನ್ ಬಂದು ನಾಲ್ಕು ಮಾತಾಡುತ್ತಾರೆ. ಹಡಗಿನ ಫೋಟೊಗ್ರಾಫರ್ ಮಾಡಿದ ಸ್ಲೈಡ್ ಶೋ ಇರುತ್ತದೆ. ಸಂರಕ್ಷಣೆಯ ಸಂಸ್ಥೆಗೆ ದುಡ್ಡು ಕೂಡಿಸಲು ಕೆಲವು ಕಡೆ ಹರಾಜೂ ನಡೆಯುತ್ತದೆ. ರಾತ್ರಿ ಸೂಟ್‌ಕೇಸ್‌ಗಳನ್ನು ಬಣ್ಣದ ಚೀಟಿ ಕಟ್ಟಿ ಬಾಗಿಲ ಹೊರಗೆ ಇಡಬೇಕು. ಮರುದಿನ ಹಾಕಿಕೊಳ್ಳುವ ಬಟ್ಟೆಯನ್ನೂ ಅದರೊಳಗೆ ತುಂಬಿ ಪೇಚಿಗೆ ಸಿಗುವವರು ಪ್ರತಿ ಪ್ರವಾಸದಲ್ಲೂ ಒಬ್ಬರಾದರೂ ಇರುತ್ತಾರಂತೆ.

ನೆಲ ಕಂಡ ಮೇಲೆ

ದಕ್ಷಿಣ ಅಮೆರಿಕದ ತುದಿ ಕಾಣುವುದು ಸಾಮಾನ್ಯವಾಗಿ ಒಂಬತ್ತನೇ ದಿನದ ಹಗಲಿನಲ್ಲಿ. ಬೇಗ ದಾಟಿದ್ದರೆ, ಗಾಳಿ ಕಡಿಮೆ ಇದ್ದರೆ, ಚಿಲಿ ದೇಶ ಒಪ್ಪಿದರೆ ಕ್ಯಾಪ್ಟನ್ ಕೇಪ್ ಹಾರ್ನ್ ಹತ್ತಿರ ಹೋಗುತ್ತಾರೆ. ಅದು ಚಿಲಿಗೆ ಸೇರಿದ ಜಾಗ. 1616ರಲ್ಲಿ ಡಚ್ ನಾವಿಕರಾದ ಸ್ಖೌಟೆನ್ ಮತ್ತು ಲೆ ಮೇರ್ ಮೊದಲು ಇದನ್ನು ಸುತ್ತಿ ಹೋದರು. ಇಡೀ ಕಡಲಿಗೆ ತನ್ನ ಹೆಸರು ಬಂದರೂ ಫ್ರಾನ್ಸಿಸ್ ಡ್ರೇಕ್ ಈ ಕಡಲನ್ನು ದಾಟಿದವನಲ್ಲ. 1578ರಲ್ಲಿ ಮೆಗಲನ್ ಜಲಸಂಧಿಯಿಂದ ಪೆಸಿಫಿಕ್‌ಗೆ ಬಂದ ಅವನ ಹಡಗನ್ನು ಬಿರುಗಾಳಿ ದಕ್ಷಿಣಕ್ಕೆ ತಳ್ಳಿತು, ಅಷ್ಟೇ. 1914ರಲ್ಲಿ ಪನಾಮ ಕಾಲುವೆ ತೆರೆಯುವ ತನಕ ಎರಡು ಸಾಗರಗಳ ನಡುವಿನ ವ್ಯಾಪಾರದ ಹಡಗುಗಳಿಗೆ ಕೇಪ್ ಹಾರ್ನ್ ದೊಡ್ಡ ದಾರಿಯಾಗಿತ್ತು.

ಬೀಗಲ್ ಚಾನೆಲ್‌ನ ಪೂರ್ವದ ಬಾಯಿಯ ಬಳಿ ಪೈಲಟ್ ದೋಣಿ ಬರುತ್ತದೆ. ಆ ಇಕ್ಕಟ್ಟಾದ ನೀರಿನ ದಾರಿ ಬಲ್ಲ ಸ್ಥಳೀಯ ನಾವಿಕ ಹಗ್ಗದ ಏಣಿ ಹಿಡಿದು ಹಡಗಿಗೆ ಹತ್ತುತ್ತಾರೆ. ಅವರಿಲ್ಲದೆ ಒಳಗೆ ಹೋಗುವ ಹಾಗಿಲ್ಲ. ಏಳರ ಗಡುವಿನ ಲೆಕ್ಕದಲ್ಲಿ ಪೈಲಟ್ ಹತ್ತುವ ಸಮಯವೂ ಒಂದು ಮೊಳೆ, ಅದು ಮೊದಲೇ ಗೊತ್ತಾಗಿರುತ್ತದೆ. ತಪ್ಪಿದರೆ ಜೆಟ್ಟಿಯ ಸರದಿಯೂ ತಪ್ಪಬಹುದು.

ಚಾನೆಲ್‌ನ ಒಂದು ದಡ ಅರ್ಜೆಂಟೀನಾ, ಇನ್ನೊಂದು ದಡ ಚಿಲಿ. ಬಾಯಲ್ಲೇ ಇರುವ ಪಿಕ್ಟನ್, ಲೆನಾಕ್ಸ್, ನುಯೆವಾ ಎಂಬ ಮೂರು ಪುಟ್ಟ ದ್ವೀಪಗಳಿಗಾಗಿ 1978ರಲ್ಲಿ ಎರಡೂ ದೇಶಗಳು ಯುದ್ಧದ ಅಂಚಿಗೆ ಹೋಗಿದ್ದವು. ಪೋಪ್ ಮಧ್ಯಸ್ಥಿಕೆ ವಹಿಸಿ, 1984ರಲ್ಲಿ ಒಪ್ಪಂದವಾಗಿ, ದ್ವೀಪಗಳು ಚಿಲಿಗೆ ಉಳಿದವು. ಒಂದು ವಾರ ಮರವನ್ನೇ ನೋಡದ ಕಣ್ಣಿಗೆ ಇಲ್ಲಿ ಎರಡೂ ದಡದಲ್ಲಿ ಕಾಡು ಸಿಗುತ್ತದೆ. ಡೆಕ್ ಮೇಲೆ ನಿಂತವರು ಮೊದಲು ಹೇಳುವುದು ವಾಸನೆಯ ಬಗ್ಗೆ. ಮಣ್ಣಿನ ವಾಸನೆ ನೀರಿನ ಮೇಲೆ ತೇಲಿ ಬರುತ್ತದೆ.

ಡ್ರೇಕ್ ಬೇಡವೇ ಬೇಡ ಅನ್ನುವವರಿಗೆ ಬೇರೆ ದಾರಿಯೂ ಇದೆ. ಚಿಲಿಯ ಪುಂಟಾ ಅರೇನಾಸ್ ಮತ್ತು ಕಿಂಗ್ ಜಾರ್ಜ್ ದ್ವೀಪದ ನಡುವೆ ವಿಮಾನ ಹಾರುತ್ತದೆ, ಎರಡು ಗಂಟೆಯ ಹಾರಾಟ. ಬೆಲೆ ಜಾಸ್ತಿ. ಮಂಜು ಕವಿದರೆ ವಿಮಾನ ಇಳಿಯುವುದಿಲ್ಲ, ದಿನಗಟ್ಟಲೆ ಕಾಯಬೇಕಾದೀತು. ಸಮುದ್ರದ ಕಾಯಿಲೆ ತೀರಾ ಕಾಡುವವರಿಗೆ, ರಜೆ ಕಡಿಮೆ ಇರುವವರಿಗೆ ಅದು ಸರಿ. ಉಳಿದವರು ಹಡಗಿನಲ್ಲೇ ಬರುವುದು ಒಳ್ಳೆಯದು ಅಂತ ನನಗನ್ನಿಸುತ್ತದೆ. ಎರಡು ದಿನ ನೀರು ದಾಟದೆ ಆ ಖಂಡ ಎಷ್ಟು ಒಂಟಿ ಅನ್ನುವುದು ಗೊತ್ತಾಗುವುದಿಲ್ಲ.

ಇಳಿದ ಮೇಲಿನ ಒಂದೆರಡು ಮಾತು. ಅವತ್ತಿನ ವಿಮಾನ ಮಧ್ಯಾಹ್ನದ ನಂತರದ್ದಾಗಿರಲಿ. ಸಾಧ್ಯವಾದರೆ ಮರುದಿನದ್ದೇ ಇರಲಿ. ಗಡುವು ಎಷ್ಟೇ ಕಟ್ಟುನಿಟ್ಟಾಗಿದ್ದರೂ ಡ್ರೇಕ್ ಕಡಲು ಯಾರ ಮಾತೂ ಕೇಳುವುದಿಲ್ಲ. ಊರಿಗೆ ಫೋನ್ ಮಾಡುವುದಿದ್ದರೆ ಉಶುವಾಯಾದ ಬೆಳಗ್ಗೆ ಎಂಟು ಅಂದರೆ ಇಲ್ಲಿ ಸಂಜೆ ನಾಲ್ಕೂವರೆ. ಜೆಟ್ಟಿಯ ಮೇಲೆ ಕಾಲಿಟ್ಟಾಗ ನೆಲವೇ ತೂಗಿದ ಹಾಗಾದರೆ ಗಾಬರಿ ಬೇಡ. ಹತ್ತು ದಿನ ಅಲ್ಲಾಟಕ್ಕೆ ಹೊಂದಿಕೊಂಡ ಮಿದುಳು ನಿಂತ ನೆಲಕ್ಕೆ ಮತ್ತೆ ಹೊಂದಿಕೊಳ್ಳಬೇಕು. ಸ್ನಾನ ಮಾಡುವಾಗ ಕಣ್ಣು ಮುಚ್ಚಿದರೆ ಅದು ಜಾಸ್ತಿ ಗೊತ್ತಾಗುತ್ತದೆ, ಹಾಗಾಗಿ ಒಂದು ಕೈಯಲ್ಲಿ ಗೋಡೆ ಹಿಡಿದುಕೊಂಡಿರಿ. ಹೆಚ್ಚಿನವರಿಗೆ ಒಂದೆರಡು ದಿನದಲ್ಲಿ ಹೋಗುತ್ತದೆ. ವಾರಗಟ್ಟಲೆ ಹೋಗದಿದ್ದರೆ ಕಿವಿ, ಮೂಗು, ಗಂಟಲಿನ ಡಾಕ್ಟರ ಹತ್ತಿರ ಹೋಗಿ, ಹಡಗಿನಲ್ಲಿ ಹೋಗಿದ್ದನ್ನು ಮೊದಲೇ ಹೇಳಿ.